ಲೇಯರಾ, ನೋಡಾ? ಒಂದೇ ಮಂಜಿನ ಶಾಟ್ ಎರಡೂ ಕಡೆ ಮಾಡುವುದು ಹೇಗೆ

ಹಲವು ಚಿತ್ರಗಳನ್ನು ಕೂಡಿಸಿ ಒಂದೇ ಶಾಟ್ ಮಾಡುವ ಕೆಲಸಕ್ಕೆ ಎರಡು ದಾರಿ ಇವೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಚಿತ್ರಗಳನ್ನು ಪದರಗಳಾಗಿ, ಅಂದರೆ ಲೇಯರ್‌ಗಳಾಗಿ, ಒಂದರ ಮೇಲೊಂದು ಇಡುತ್ತೇವೆ; ಡಾವಿಂಚಿ ರಿಸಾಲ್ವ್‌ನ ಫ್ಯೂಷನ್‌ನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ಡಬ್ಬಿ, ಅಂದರೆ ನೋಡ್, ಹಾಕಿ ಗೆರೆಯಿಂದ ಜೋಡಿಸುತ್ತೇವೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಕೈ ಪಳಗಿದವರು ಡಾವಿಂಚಿ ರಿಸಾಲ್ವ್‌ನ ಫ್ಯೂಷನ್ ಪೇಜ್ ತೆರೆದ ಕೂಡಲೇ ಕೇಳುವ ಪ್ರಶ್ನೆ ಒಂದೇ: ನನ್ನ ಲೇಯರ್‌ಗಳೆಲ್ಲ ಎಲ್ಲಿ? ಅಲ್ಲಿ ಕಾಣುವುದು ಎರಡು ಸಣ್ಣ ಡಬ್ಬಿ, ನಡುವೆ ಒಂದು ಗೆರೆ. ತುಂಬಾ ಜನ ಅಲ್ಲಿಂದಲೇ ವಾಪಸ್ ಬರುತ್ತಾರೆ. ಹಾಗಾಗಿ ಥಿಯರಿ ಕಡಿಮೆ ಮಾಡೋಣ. ಕೊಡಗಿನಲ್ಲಿ ವಿಡಿಯೊ ಕೆಲಸ ಮಾಡುವವರಿಗೆ ಇವತ್ತಲ್ಲ ನಾಳೆ ಬಂದೇ ಬರುವ ಒಂದು ಶಾಟ್ ಹಿಡಿದು, ಅದನ್ನೇ ಎರಡೂ ಕಡೆ ಮಾಡಿ ನೋಡೋಣ.

ಹೋಂಸ್ಟೇ ಜಾಹೀರಾತಿನ ಶಾಟ್ ಅಂದುಕೊಳ್ಳಿ. ಕ್ಯಾಮೆರಾ ಟ್ರೈಪಾಡ್ ಮೇಲಿದೆ, ಅಲ್ಲಾಡುವುದಿಲ್ಲ. ಮುಂದೆ ಕಾಳುಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಸಾಲು, ಅದರ ಹಿಂದೆ ಬಿಳಿ ಗೋಡೆಯ ಹೆಂಚಿನ ಮನೆ, ಆಚೆ ಬೆಟ್ಟ. ಮಾಲೀಕರಿಗೆ ಬೆಟ್ಟದಿಂದ ಮಂಜು ಇಳಿಯಬೇಕು. ಜುಲೈಯಲ್ಲಿ ಬೇಡ ಅಂದರೂ ಬರುವ ಮಂಜು ಕ್ಯಾಮೆರಾ ಇಟ್ಟ ದಿನ ಮಾತ್ರ ಬರುವುದಿಲ್ಲ, ಗೊತ್ತಲ್ವಾ. ಸಿಕ್ಕಿರುವುದು ಬರೀ ಬೂದು ಮೋಡ. ಜೊತೆಗೆ ಮನೆ ಸ್ವಲ್ಪ ಬೆಚ್ಚಗೆ ಕಾಣಬೇಕಂತೆ.

ಇದರಲ್ಲಿ ಒಂದು ವಿಷಯ ಮೊದಲೇ ಗಮನಿಸಿ. ಮಂಜು ಮೂರು ಕಡೆ ಬೇಕು: ಬೆಟ್ಟದ ಮೇಲೆ ದಪ್ಪ, ಮನೆ ಮತ್ತು ಮರಗಳ ನಡುವೆ ಮಧ್ಯಮ, ಎಲ್ಲದರ ಮುಂದೆ ತೆಳು. ಎಲ್ಲದರ ಮೇಲೆ ಒಂದೇ ಮಂಜು ಎಳೆದರೆ ಲೆನ್ಸ್‌ಗೆ ಆವಿ ಹಿಡಿದ ಹಾಗೆ ಕಾಣುತ್ತದೆ. ದೂರ ಹೋದಷ್ಟೂ ಬಣ್ಣ ಮಾಸಬೇಕು, ಕಣ್ಣಿಗೆ ಆಳ ತಿಳಿಯುವುದೇ ಅದರಿಂದ.

ಮೊದಲು ಲೇಯರ್ ದಾರಿ

ಆಫ್ಟರ್ ಎಫೆಕ್ಟ್ಸ್ 1993ರಿಂದ ಇದೆ. ಅದರ ಲೆಕ್ಕ ಸರಳ: ಕೆಳಗಿನದು ಹಿಂದೆ, ಮೇಲಿನದು ಮುಂದೆ, ಬಲಗಡೆಗೆ ಸಮಯ. ಕ್ಲಿಪ್ ಹಾಕಿ ಕಾಂಪ್ (ಲೇಯರ್‌ಗಳನ್ನು ಜೋಡಿಸುವ ಟೈಮ್‌ಲೈನ್) ಮಾಡಿ. ಹೊಸ ಸಾಲಿಡ್ (ಒಂದೇ ಬಣ್ಣದ ಖಾಲಿ ಲೇಯರ್) ತೆಗೆದು, ಮೋಡದಂಥ ಚಿತ್ತಾರ ಮಾಡುವ ಫ್ರಾಕ್ಟಲ್ ನಾಯ್ಸ್ ಎಫೆಕ್ಟ್ ಹಾಕಿ, ಯೂನಿಫಾರ್ಮ್ ಸ್ಕೇಲಿಂಗ್ ಟಿಕ್ ತೆಗೆದು ಅಗಲ ಹೆಚ್ಚಿಸಿ, ಕಾಂಟ್ರಾಸ್ಟ್ ಇಳಿಸಿ. ಚಿತ್ತಾರ ಹೊರಳುವಂತೆ ಮಾಡುವ ಎವಲ್ಯೂಷನ್‌ಗೆ ನಿಧಾನವಾಗಿ ಏರುವ ಕೀಫ್ರೇಮ್ (ಯಾವ ಸಮಯಕ್ಕೆ ಎಷ್ಟು ಅನ್ನುವ ಗುರುತು) ಕೊಡಿ. ಆಫ್‌ಸೆಟ್ ಟರ್ಬ್ಯುಲೆನ್ಸ್‌ಗೂ ಕೊಟ್ಟರೆ ಮಂಜು ಒಂದು ಪಕ್ಕಕ್ಕೆ ಸರಿಯುತ್ತದೆ. ಈಗ ಕಂಟ್ರೋಲ್-ಶಿಫ್ಟ್-ಸಿ ಒತ್ತಿ ಅದನ್ನು ಪ್ರಿಕಾಂಪ್ ಮಾಡಿ, ಅಂದರೆ ಬೇರೆಯದೇ ಒಂದು ಕಾಂಪ್ ಒಳಗೆ ಹಾಕಿ, ಮಂಜು ಅಂತ ಹೆಸರಿಡಿ. ಈ ಹೆಜ್ಜೆ ಬಿಟ್ಟು ಸಾಲಿಡ್ ಅನ್ನೇ ಮೂರು ಸಲ ಡೂಪ್ಲಿಕೇಟ್ ಮಾಡಿದರೆ, ನಾಳೆ ಮಂಜಿನ ವೇಗ ಬದಲಿಸಬೇಕಾದಾಗ ಮೂರು ಕಡೆ ಕೈ ಹಾಕಬೇಕಾಗುತ್ತದೆ.

ಆ ಪ್ರಿಕಾಂಪ್ ಅನ್ನು ಮೂರು ಸಲ ಟೈಮ್‌ಲೈನ್‌ಗೆ ಎಳೆಯಿರಿ, ಮೂರಕ್ಕೂ ಕಪ್ಪು ಮಾಯವಾಗಿ ಬೆಳಕು ಮಾತ್ರ ಉಳಿಯುವ ಸ್ಕ್ರೀನ್ ಮೋಡ್ ಕೊಡಿ, ಒಪಾಸಿಟಿ (ಎಷ್ಟು ದಪ್ಪ ಕಾಣಬೇಕು) ದೂರದಿಂದ ಹತ್ತಿರಕ್ಕೆ ಸುಮಾರು 60, 35, 15 ಇಡಿ. ಹತ್ತಿರದ್ದಕ್ಕೆ ಸ್ಕೇಲ್ ಜಾಸ್ತಿ ಇರಲಿ. ದೂರದ ಮಂಜು ಬೆಟ್ಟ ಮತ್ತು ಆಕಾಶದ ಮೇಲೆ ಮಾತ್ರ ಬರಬೇಕು, ಸಿಲ್ವರ್ ಓಕ್ ಎಲೆಯ ಮೇಲಲ್ಲ. ಆ ಎಲೆ ಜರಿಗಿಡದ ಎಲೆಯಂತೆ ಸೀಳುಸೀಳಾಗಿರುತ್ತದೆ, ಪೆನ್ ಟೂಲ್ ಹಿಡಿದು ಸುತ್ತ ಗೆರೆ ಎಳೆಯಲು ಹೋಗಲೇಬೇಡಿ. ಹಿಂದೆ ಬೆಳ್ಳನೆ ಆಕಾಶ ಇದೆಯಲ್ಲ, ಅದೇ ನಿಮ್ಮ ಮ್ಯಾಟ್, ಅಂದರೆ ಎಲ್ಲಿ ಕಾಣಬೇಕು ಎಲ್ಲಿ ಬೇಡ ಅಂತ ಹೇಳುವ ಕಪ್ಪು-ಬಿಳುಪು ಚಿತ್ರ. ಕ್ಲಿಪ್‌ನ ಒಂದು ಕಾಪಿ ತೆಗೆದು, ಲೆವೆಲ್ಸ್ ಹಾಕಿ, ಎಲೆ ಕಪ್ಪಾಗಿ ಆಕಾಶ ಬಿಳಿಯಾಗುವ ತನಕ ಬಿಗಿ ಮಾಡಿ, ಅದನ್ನು ದೂರದ ಮಂಜಿಗೆ ಲೂಮಾ (ಬೆಳಕಿನ) ಮ್ಯಾಟ್ ಆಗಿ ಕೊಡಿ. ಬಿಳಿ ಗೋಡೆಯೂ ಆಕಾಶದಷ್ಟೇ ಬೆಳಗುತ್ತದೆ. ಅದಕ್ಕೆ ಮನೆಯ ಸುತ್ತ ಒಂದು ಮಾಸ್ಕ್ (ಕೈಯಿಂದ ಬಿಡಿಸಿದ ಗಡಿ) ಎಳೆದು ಆ ಭಾಗವನ್ನು ಮ್ಯಾಟ್‌ನಿಂದ ಕಿತ್ತುಹಾಕಿ. ನಡುವಿನ ಮಂಜಿಗೆ ಮರದ ಕಾಂಡಗಳ ಸುತ್ತ ಒರಟಾಗಿ ಮಾಸ್ಕ್, ಜಾಸ್ತಿ ಫೆದರ್ (ಅಂಚಿನ ಮೃದುತ್ವ), ಇನ್ವರ್ಟ್ (ತಿರುಗುಮುರುಗು). ಮಂಜು ತೆಳುವಾದಷ್ಟೂ ಮಾಸ್ಕ್‌ನ ಅಂಚು ಯಾರ ಕಣ್ಣಿಗೂ ಬೀಳುವುದಿಲ್ಲ, ಅಲ್ಲಿ ಸುಮ್ನೆ ಶ್ರಮ ಬೇಡ.

ಮನೆ ಬೆಚ್ಚಗಾಗಬೇಕಲ್ಲ, ಮಂಜಿನ ಲೇಯರ್‌ಗಳ ಕೆಳಗೆ, ತನ್ನ ಕೆಳಗಿನದರ ಬಣ್ಣ ತಿದ್ದುವ ಒಂದು ಅಡ್ಜಸ್ಟ್‌ಮೆಂಟ್ ಲೇಯರ್ ಇಟ್ಟು ಅದೇ ಮನೆ ಮಾಸ್ಕ್ ಅನ್ನು ಕಾಪಿ ಮಾಡಿ ಹಾಕಿ. ಕೆಲಸ ಮುಗಿಯಿತು. ನೋಡಲು ಚೆನ್ನಾಗಿಯೂ ಇದೆ.

ಆಮೇಲೆ ಮಾಲೀಕರು ಫೋನ್ ಮಾಡಿ, ಅದಲ್ಲ, ನಾಯಿ ಮಲಗಿರುವ ಇನ್ನೊಂದು ಟೇಕ್ ಹಾಕಿ ಅನ್ನುತ್ತಾರೆ. ಆ ಟೇಕ್‌ನಲ್ಲಿ ಟ್ರೈಪಾಡ್ ಒಂದಿಷ್ಟು ಸರಿದಿದೆ. ಈಗ ಮನೆ ಮಾಸ್ಕ್ ಎರಡು ಕಡೆ ಇದೆ, ಒಂದನ್ನು ಸರಿ ಮಾಡಿದರೆ ಇನ್ನೊಂದು ತಾನಾಗಿ ಸರಿಯಾಗುವುದಿಲ್ಲ. ಆಫ್ಟರ್ ಎಫೆಕ್ಟ್ಸ್‌ನ ಪರವಾಗಿ ಒಂದು ಮಾತು ಹೇಳಬೇಕು: 2023ರ ಆವೃತ್ತಿಯಿಂದ ಒಂದೇ ಲೇಯರ್ ಅನ್ನು ಹಲವು ಲೇಯರ್‌ಗಳಿಗೆ ಟ್ರ್ಯಾಕ್ ಮ್ಯಾಟ್ ಆಗಿ ಕೊಡಬಹುದು, ಮೊದಲಿನ ಹಾಗೆ ಮ್ಯಾಟ್ ಸರಿಯಾಗಿ ಮೇಲಿನ ಸಾಲಿನಲ್ಲೇ ಕೂತಿರಬೇಕಾಗಿಲ್ಲ. ಹಾಗಾಗಿ ಮನೆಯನ್ನು ಒಂದು ಶೇಪ್ ಲೇಯರ್ ಆಗಿ ಬಿಡಿಸಿ ಎರಡು ಕಡೆಗೂ ಕೊಡುವ ದಾರಿ ಇದೆ. ಆದರೆ ಯಾವುದು ಎಲ್ಲಿಗೆ ಹೋಗುತ್ತಿದೆ ಅಂತ ತಿಳಿಯಲು ಪುಟ್ಟ ಡ್ರಾಪ್‌ಡೌನ್‌ಗಳನ್ನು ಒಂದೊಂದಾಗಿ ಓದಬೇಕು. ಫ್ಲೋಚಾರ್ಟ್ ಅನ್ನುವ ಒಂದು ನೋಟ ಅದರಲ್ಲೂ ಇದೆ, ಆದರೆ ಅಲ್ಲಿ ಗೆರೆ ಕಿತ್ತು ಬೇರೆ ಕಡೆ ಜೋಡಿಸಲು ಬರುವುದಿಲ್ಲ, ನೋಡಬಹುದು ಅಷ್ಟೇ.

ಅದೇ ಶಾಟ್, ನೋಡ್‌ನಲ್ಲಿ

ಎಸ್ಟೇಟಿನಲ್ಲಿ ಕಾಫಿ ಹೂವಿಗೆ ನೀರು ಕೊಡುವಾಗ ಕೆರೆಯ ಪಂಪಿನಿಂದ ಒಂದು ಮೇನ್ ಲೈನ್ ಹೊರಟು, ಅಲ್ಲಲ್ಲಿ ಕವಲೊಡೆದು, ಬೇಕಾದ ಕಡೆ ವಾಲ್ವ್ ಮುಚ್ಚುತ್ತೀವಲ್ಲ, ನೋಡ್ ಗ್ರಾಫ್ ಓದುವುದೂ ಹಾಗೆಯೇ. ಚಿತ್ರ ಒಂದು ಕಡೆಯಿಂದ ಹೊರಡುತ್ತದೆ, ದಾರಿಯಲ್ಲಿ ಸಿಗುವ ಪ್ರತಿ ಡಬ್ಬಿ ಒಂದೇ ಒಂದು ಕೆಲಸ ಮಾಡಿ ಮುಂದಕ್ಕೆ ಕೊಡುತ್ತದೆ.

ಫ್ಯೂಷನ್ ಅನ್ನು 2014ರಲ್ಲಿ ರಿಸಾಲ್ವ್ ತಯಾರಿಸುವ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಕೊಂಡುಕೊಂಡಿತು, 2018ರ ರಿಸಾಲ್ವ್ 15ರಿಂದ ಅದು ಒಳಗೇ ಒಂದು ಪೇಜ್ ಆಗಿ ಬರುತ್ತದೆ, ಉಚಿತ ಆವೃತ್ತಿಯಲ್ಲೂ. ಕಲಿಯಲು ಇಲ್ಲಿಂದಲೇ ಶುರು ಮಾಡಿ. ಇನ್‌ಸ್ಟಾಲರ್ ದೊಡ್ಡದು, ಊರಲ್ಲಿ ನೆಟ್‌ವರ್ಕ್ ಕೈ ಕೊಡುತ್ತಿದ್ದರೆ ಮಡಿಕೇರಿಗೋ ಕುಶಾಲನಗರಕ್ಕೋ ಹೋದಾಗ ಇಳಿಸಿಕೊಳ್ಳಿ.

ಪೇಜ್ ತೆರೆದರೆ ಮೀಡಿಯಾಇನ್ (ಕ್ಲಿಪ್ ಒಳಬರುವ ಡಬ್ಬಿ), ಮೀಡಿಯಾಔಟ್ (ಮುಗಿದ ಚಿತ್ರ ಹೊರಹೋಗುವ ಡಬ್ಬಿ) ಇರುತ್ತವೆ. ಶಿಫ್ಟ್-ಸ್ಪೇಸ್ ಒತ್ತಿ, ಮಂಜಿನ ಚಿತ್ತಾರ ಮಾಡುವ ಫಾಸ್ಟ್‌ನಾಯ್ಸ್ ಹುಡುಕಿ ಹಾಕಿ, ಡೀಟೇಲ್, ಕಾಂಟ್ರಾಸ್ಟ್, ಸ್ಕೇಲ್ ಸರಿಮಾಡಿ, ಸೀದ್ ರೇಟ್ ಒಂದಿಷ್ಟು ಏರಿಸಿದರೆ ಮಂಜು ತಾನೇ ಹೊರಳುತ್ತದೆ. ಈಗ ಮೇನ್ ಲೈನಿನಲ್ಲಿ, ಒಂದು ಚಿತ್ರದ ಮೇಲೆ ಇನ್ನೊಂದನ್ನು ಕೂರಿಸುವ ಮರ್ಜ್ ನೋಡ್ ಮೂರು ಹಾಕಿ. ಮರ್ಜ್‌ಗೆ ಮೂರು ಬಾಣ ಇರುತ್ತವೆ. ಹಳದಿಗೆ ಹಿಂದಿನ ಚಿತ್ರ, ಹಸಿರಿಗೆ ಮೇಲೆ ಬರಬೇಕಾದದ್ದು, ನೀಲಿಗೆ ಮಾಸ್ಕ್. ಹೊಸಬರ ಮುಕ್ಕಾಲು ಗೊಂದಲ ಹಳದಿ-ಹಸಿರು ಅದಲುಬದಲಾದುದರಿಂದಲೇ ಬರುತ್ತದೆ, ಹಾಗಾದಾಗ ಮರ್ಜ್ ಆರಿಸಿ ಕಂಟ್ರೋಲ್-ಟಿ ಒತ್ತಿ. ಫ್ರೇಮಿನ ಅಳತೆಯನ್ನು ನಿರ್ಧರಿಸುವುದೂ ಹಳದಿಗೆ ಬಂದ ಚಿತ್ರವೇ, ನೆನಪಿರಲಿ.

ಒಂದೇ ಫಾಸ್ಟ್‌ನಾಯ್ಸ್‌ನಿಂದ ಮೂರು ಗೆರೆ ಎಳೆದು ಮೂರು ಮರ್ಜ್‌ಗಳ ಹಸಿರಿಗೆ ಕೊಡಿ. ಕಾಪಿ ಇಲ್ಲ, ಪ್ರಿಕಾಂಪ್ ಇಲ್ಲ. ಆದರೆ ಹಾಗೇ ಬಿಟ್ಟರೆ ಅದೇ ಆಕಾರ ಮೂರು ಸಲ ಒಂದರ ಮೇಲೊಂದು ಕೂತು ಬರೀ ದಪ್ಪವಾಗುತ್ತದೆ. ಅದಕ್ಕೆ ಎರಡನೆಯ, ಮೂರನೆಯ ಕವಲಿನಲ್ಲಿ ತಲಾ ಒಂದು ಟ್ರಾನ್ಸ್‌ಫಾರ್ಮ್ ಹಾಕಿ, ಸೈಜ್ ಏರಿಸಿ, ಜಾಗ ಸರಿಸಿ. ಮರ್ಜ್‌ನ ಬ್ಲೆಂಡ್ ಸ್ಲೈಡರ್‌ನಲ್ಲಿ 0.6, 0.35, 0.15 ಇಟ್ಟು ಕಣ್ಣಳತೆಯಲ್ಲಿ ಸರಿ ಮಾಡಿಕೊಳ್ಳಿ.

ಮೀಡಿಯಾಇನ್‌ನಿಂದ ಇನ್ನೊಂದು ಗೆರೆ ಎಳೆದು, ಬೆಳಕು ನೋಡಿ ಚಿತ್ರ ಕತ್ತರಿಸುವ ಲೂಮಾಕೀಯರ್‌ಗೆ ಕೊಡಿ. ವ್ಯೂವರ್ ಮೇಲೆ ಎ ಒತ್ತಿದರೆ ಆಲ್ಫಾ, ಅಂದರೆ ಎಲ್ಲಿ ಎಷ್ಟು ಪಾರದರ್ಶಕ ಅಂತ ಹೇಳುವ ಕಪ್ಪು-ಬಿಳುಪು ಚಿತ್ರ, ಕಾಣುತ್ತದೆ. ಲೋ, ಹೈ ಎರಡನ್ನೂ ಎಳೆದಾಡಿ, ಆಕಾಶ ಬಿಳಿ, ಎಲೆ ಕಪ್ಪು ಆಗುವ ತನಕ. ಮನೆಯ ಸುತ್ತ ಒಂದು ಪಾಲಿಗನ್ ಬಿಡಿಸಿ ಲೂಮಾಕೀಯರ್‌ನ ಗಾರ್ಬೇಜ್ ಮ್ಯಾಟ್ (ಬೇಡದ್ದನ್ನು ತೆಗೆಯುವ) ಬಾಣಕ್ಕೆ ಜೋಡಿಸಿ, ಗೋಡೆ ಮಾಯವಾಗುತ್ತದೆ. ಲೂಮಾಕೀಯರ್‌ನ ಔಟ್‌ಪುಟ್ ಮೊದಲ ಮರ್ಜ್‌ನ ನೀಲಿಗೆ ಹೋಗಲಿ. ಕಾಂಡಗಳಿಗೆ ಇನ್ನೊಂದು ಪಾಲಿಗನ್ ಬಿಡಿಸಿ, ಸಾಫ್ಟ್ ಎಡ್ಜ್ ಏರಿಸಿ, ಇನ್ವರ್ಟ್ ಮಾಡಿ ಎರಡನೆಯದರ ನೀಲಿಗೆ ಕೊಡಿ.

ಈಗ ನೋಡ್‌ನ ನಿಜವಾದ ಸುಖ. ಮೀಡಿಯಾಇನ್ ಮತ್ತು ಮೊದಲ ಮರ್ಜ್ ನಡುವೆ ಕಲರ್‌ಕರೆಕ್ಟರ್ ಹಾಕಿ, ಆಗಲೇ ಬಿಡಿಸಿದ ಅದೇ ಮನೆ ಪಾಲಿಗನ್‌ನಿಂದ ಇನ್ನೊಂದು ಗೆರೆ ಎಳೆದು ಇದರ ನೀಲಿಗೆ ಕೊಡಿ. ಮನೆಯ ಆಕಾರ ಇಡೀ ಶಾಟ್‌ನಲ್ಲಿ ಒಂದೇ ಜಾಗದಲ್ಲಿದೆ. ನಾಯಿ ಮಲಗಿರುವ ಟೇಕ್ ಬಂದರೆ ಪಾಲಿಗನ್ ಒಂದನ್ನು ಸರಿಸಿ, ಬಣ್ಣವೂ ಮಂಜೂ ಒಟ್ಟಿಗೇ ಸರಿಯಾಗುತ್ತವೆ. ಲೂಮಾಕೀಯರ್‌ಗೆ ಹೋಗುವ ಗೆರೆ ಮಾತ್ರ ಯಾವಾಗಲೂ ಕಲರ್‌ಕರೆಕ್ಟರ್‌ಗಿಂತ ಮೊದಲೇ, ನೇರ ಮೀಡಿಯಾಇನ್‌ನಿಂದಲೇ ಹೊರಡಬೇಕು. ಇಲ್ಲದಿದ್ದರೆ ಬಣ್ಣ ತಿದ್ದಿದಾಗಲೆಲ್ಲ ಕೀ, ಅಂದರೆ ಲೂಮಾಕೀಯರ್ ತೆಗೆದ ಕಪ್ಪು-ಬಿಳುಪು, ಕೆಡುತ್ತದೆ, ಕಾರಣ ಹುಡುಕುವುದರಲ್ಲೇ ಸಂಜೆಯಾಗುತ್ತದೆ.

ಏನಾದರೂ ತಪ್ಪು ಕಂಡರೆ ಊಹೆ ಮಾಡುತ್ತಾ ಕೂರಬೇಡಿ. ಯಾವುದೇ ನೋಡ್ ಆರಿಸಿ 1 ಒತ್ತಿದರೆ ಅಲ್ಲಿಯ ತನಕ ಚಿತ್ರ ಹೇಗಿದೆ ಅಂತ ಎಡಗಡೆ ವ್ಯೂವರ್‌ನಲ್ಲಿ ಕಾಣುತ್ತದೆ, ಕಂಟ್ರೋಲ್-ಪಿ ಒತ್ತಿದರೆ ಆ ನೋಡ್ ಬಂದ್. ಹೊಸ ಹೆಸರಿಡಲು ಎಫ್2. ಮರ್ಜ್1, ಮರ್ಜ್2 ಅಂತ ಹಾಗೇ ಬಿಟ್ಟ ಗ್ರಾಫನ್ನು ಒಂದು ವಾರ ಬಿಟ್ಟು ತೆರೆದರೆ ನಿಮಗೇ ಅರ್ಥವಾಗುವುದಿಲ್ಲ.

ಎರಡರಲ್ಲೂ ಕಾಲಿಗೆ ತೊಡರುವ ವಿಷಯ

ಒಂದು, ಕೆಲಸ ನಡೆಯುವ ಕ್ರಮ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಒಂದು ಲೇಯರ್ ಒಳಗೆ ಮೊದಲು ಮಾಸ್ಕ್, ಆಮೇಲೆ ಎಫೆಕ್ಟ್, ಕೊನೆಗೆ ಟ್ರಾನ್ಸ್‌ಫಾರ್ಮ್. ಅಂದರೆ ಬ್ಲರ್ ಹಾಕಿದ ಲೇಯರನ್ನು 200ಕ್ಕೆ ಸ್ಕೇಲ್ ಮಾಡಿದರೆ ಬ್ಲರ್ ಕೂಡ ಎರಡು ಪಟ್ಟು ಹಿಗ್ಗುತ್ತದೆ. ಮೊದಲು ಸ್ಕೇಲ್, ಆಮೇಲೆ ಬ್ಲರ್ ಬೇಕೆಂದರೆ ಪ್ರಿಕಾಂಪ್ ಮಾಡಿ, ಇಲ್ಲವೇ ಟ್ರಾನ್ಸ್‌ಫಾರ್ಮ್ ಎಫೆಕ್ಟ್ ಹಾಕಿ. ನೋಡ್‌ನಲ್ಲಿ ಈ ತಲೆನೋವಿಲ್ಲ, ಯಾವುದನ್ನು ಮುಂದೆ ಹಾಕುತ್ತೀರೋ ಅದೇ ಮೊದಲು.

ಇನ್ನೊಂದು, ಅಂಚಿನಲ್ಲಿ ಬರುವ ಕಪ್ಪು ಅಥವಾ ಬಿಳಿ ಗೆರೆ. ಮೇಲಿನ ಚಿತ್ರವನ್ನು ಕೆಳಗಿನದರ ಮೇಲೆ ಕೂರಿಸುವ ಲೆಕ್ಕ 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಬರೆದದ್ದು: ಮೇಲಿನದಕ್ಕೆ, ಕೆಳಗಿನದನ್ನು ಒಂದರಿಂದ ಆಲ್ಫಾ ಕಳೆದಷ್ಟರಿಂದ ಗುಣಿಸಿ ಕೂಡಿಸುವುದು. ಮೇಲಿನ ಬಣ್ಣ ಆಗಲೇ ಆಲ್ಫಾದಿಂದ ಗುಣಿಸಿರಬೇಕು, ಅದೇ ಪ್ರಿಮಲ್ಟಿಪ್ಲೈ. ಗುಣಿಸಿದ ಮೇಲೆ ಬಣ್ಣ ತಿದ್ದಿದರೆ ಅರೆಪಾರದರ್ಶಕ ಅಂಚು ಕೆಡುತ್ತದೆ. ಆಫ್ಟರ್ ಎಫೆಕ್ಟ್ಸ್ ಇದನ್ನು ಬಹುಪಾಲು ಒಳಗೇ ನೋಡಿಕೊಳ್ಳುತ್ತದೆ, ಫುಟೇಜ್ ತರುವಾಗ ಸ್ಟ್ರೇಟ್ ಅಥವಾ ಪ್ರಿಮಲ್ಟಿಪ್ಲೈಡ್ ಅಂತ ಸರಿಯಾಗಿ ಹೇಳಿದರೆ ಸಾಕು. ಫ್ಯೂಷನ್‌ನಲ್ಲಿ ಕತ್ತರಿಸಿದ ಚಿತ್ರದ ಮೇಲೆ ಕಲರ್‌ಕರೆಕ್ಟರ್ ಹಾಕಿದರೆ ಪ್ರಿಡಿವೈಡ್-ಪೋಸ್ಟ್‌ಮಲ್ಟಿಪ್ಲೈ ಟಿಕ್ ಹಾಕಿ. ದೊಡ್ಡ ಸ್ಟುಡಿಯೊಗಳ ನೋಡ್ ಸಾಫ್ಟ್‌ವೇರ್ ಆದ ನ್ಯೂಕ್‌ನಲ್ಲಿ, ಬಣ್ಣ ತಿದ್ದುವ ಗ್ರೇಡ್‌ಗೆ ಮೊದಲು ಅನ್‌ಪ್ರಿಮಲ್ಟ್, ಆಮೇಲೆ ಪ್ರಿಮಲ್ಟ್ ನೀವೇ ಹಾಕಬೇಕು.

ಹಾಗಾದರೆ ಯಾವುದು?

ನೋಡ್ ಅಂದರೆ ಪ್ರೊಫೆಷನಲ್, ಲೇಯರ್ ಅಂದರೆ ಕಲಿಯುವವರದ್ದು ಅನ್ನುವ ಮಾತನ್ನು ನಂಬಬೇಡಿ. ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ಕೆಲಸದ ಕಷ್ಟ ಸಮಯದಲ್ಲಿದೆಯಾ, ಚಿತ್ರದಲ್ಲಿದೆಯಾ? ಮಡಿಕೇರಿ ದಸರಾದ ಹತ್ತು ಮಂಟಪಗಳ ಹೆಸರು ವಾಲಗದ ಏಟಿಗೆ ಸರಿಯಾಗಿ ಒಂದೊಂದೇ ಹಾರಿ ಬರಬೇಕಾದರೆ ಲೇಯರ್‌ಗೆ ಸಾಟಿಯಿಲ್ಲ. ಬಾರ್ ಹಿಡಿದು ಎಳೆದರೆ ಆಯಿತು. ಅದನ್ನೇ ನೋಡ್‌ನಲ್ಲಿ ಮಾಡಲು ಹೋದರೆ ಹತ್ತು ಟೆಕ್ಸ್ಟ್, ಅದಕ್ಕೆ ತಕ್ಕಷ್ಟು ಮರ್ಜ್, ಯಾವುದು ಯಾವಾಗ ಶುರುವಾಗುತ್ತದೆ ಅಂತ ಗ್ರಾಫ್ ನೋಡಿ ಹೇಳಲು ಆಗುವುದಿಲ್ಲ. ನಮ್ಮ ಮಂಜಿನ ಶಾಟ್‌ನಲ್ಲಿ ಸಮಯದ ಆಟ ಏನೂ ಇಲ್ಲ, ಒಂದೇ ಮಾಸ್ಕ್ ಎರಡು ಕಡೆ, ಒಂದೇ ಮಂಜು ಮೂರು ಕಡೆ ಬೇಕು. ಅದಕ್ಕೆ ನೋಡ್.

ಹೈದರಾಬಾದಿನದೋ ಬೆಂಗಳೂರಿನದೋ ಸ್ಟುಡಿಯೊದಲ್ಲಿ ಕೆಲಸ ಬೇಕು ಅನ್ನುವವರು ನ್ಯೂಕ್ ಕಲಿಯಬೇಕಾಗುತ್ತದೆ. ಅದರ ನಾನ್-ಕಮರ್ಷಿಯಲ್ ಆವೃತ್ತಿ ಉಚಿತ, ರೆಂಡರ್ 1920×1080ಕ್ಕೆ ಸೀಮಿತ, ದುಡ್ಡಿನ ಕೆಲಸಕ್ಕೆ ಬಳಸುವಂತಿಲ್ಲ. ಫ್ಯೂಷನ್‌ನಲ್ಲಿ ಕಲಿತದ್ದು ಅಲ್ಲಿ ವ್ಯರ್ಥವಾಗುವುದಿಲ್ಲ: ಹಳದಿ ಇದ್ದಲ್ಲಿ ಬಿ, ಹಸಿರು ಇದ್ದಲ್ಲಿ ಎ, ಅಷ್ಟೇ. ಬಿ ಲೈನನ್ನು ಮೇಲಿನಿಂದ ಕೆಳಕ್ಕೆ ನೆಟ್ಟಗೆ ಇಡುವುದು ಅಲ್ಲಿಯವರ ಅಭ್ಯಾಸ, ನೀವೂ ರೂಢಿ ಮಾಡಿಕೊಳ್ಳಿ. ಫ್ಯೂಷನ್‌ನಲ್ಲಿ ನೋಡ್‌ಗಳನ್ನು ಆರಿಸಿ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿದರೆ ಬರೀ ಅಕ್ಷರಗಳಾಗಿ ಬರುತ್ತವೆ. ಈ ಮಂಜಿನ ಗ್ರಾಫ್ ಅನ್ನು ವಿರಾಜಪೇಟೆಯ ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ, ಅವರು ಪೇಸ್ಟ್ ಮಾಡಿ ತಮ್ಮ ಕ್ಲಿಪ್ ಜೋಡಿಸಿದರೆ ಆಯಿತು.

ರೆಂಡರ್ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು. ನೇರ ಎಂಪಿ4 ಮಾಡುತ್ತಿದ್ದಾಗ ಹೋದರೆ ಫೈಲ್ ತೆರೆಯುವುದೇ ಇಲ್ಲ, ಮೊದಲಿಂದ ಶುರು. ಯಾವ ಸಾಫ್ಟ್‌ವೇರ್ ಆದರೂ ಪಿಎನ್‌ಜಿ, ಟಿಫ್ ಅಥವಾ ಇಎಕ್ಸ್‌ಆರ್ ಸೀಕ್ವೆನ್ಸ್ ಆಗಿ, ಒಂದೊಂದು ಫ್ರೇಮ್ ಬೇರೆ ಫೈಲಾಗಿ ತೆಗೆಯಿರಿ. 25 ಫ್ರೇಮ್ ಲೆಕ್ಕದಲ್ಲಿ 10 ಸೆಕೆಂಡಿಗೆ 250 ಫೈಲ್. ಕರೆಂಟ್ ಬಂದ ಮೇಲೆ ಕೊನೆಯ ಒಂದೆರಡು ಫ್ರೇಮ್ ಅಳಿಸಿ, ಅವು ಅರ್ಧಂಬರ್ಧ ಬರೆದಿರುತ್ತವೆ, ಅಲ್ಲಿಂದ ಮುಂದುವರಿಸಿ. ಆಫ್ಟರ್ ಎಫೆಕ್ಟ್ಸ್‌ನ ರೆಂಡರ್ ಸೆಟ್ಟಿಂಗ್ಸ್‌ನಲ್ಲಿ ಸ್ಕಿಪ್ ಎಕ್ಸಿಸ್ಟಿಂಗ್ ಫೈಲ್ಸ್ ಟಿಕ್ ಹಾಕಿದರೆ ಉಳಿದ ಫ್ರೇಮ್‌ಗಳನ್ನು ಮಾತ್ರ ಅದೇ ಹುಡುಕಿ ಮಾಡುತ್ತದೆ. ಎಂಪಿ4 ಅನ್ನು ಕೊನೆಗೆ ಆ ಸೀಕ್ವೆನ್ಸ್‌ನಿಂದ ಮಾಡಿಕೊಳ್ಳಿ, ಅದಕ್ಕೆ ಯುಪಿಎಸ್ ಬ್ಯಾಟರಿಯೇ ಸಾಕಾಗುತ್ತದೆ.