ಹತ್ತು ಕಾರ್ಡು, ಒಂದು ಫೋನು: ತರಗತಿಯಲ್ಲಿ ಫಾರ್ವರ್ಡ್ ಜಾಲಾಡುವ ನನ್ನ ವಿಧಾನ

‘ಮಕ್ಕಳ ಕೈಗೆ ಫೋನೇ ಕೊಡದೆ ಡಿಜಿಟಲ್ ಸಾಕ್ಷರತೆ ಎಂಥದ್ದು ಮೇಷ್ಟ್ರೇ’ ಎಂದು ನಕ್ಕವರೇ ಈಗ ಕಾರ್ಡಿನ ಸೆಟ್ ಕೇಳಿ ಒಯ್ಯುತ್ತಿದ್ದಾರೆ. ಸೆಟ್ ಅಂದರೆ ಎ4 ಅಳತೆಯ ಹತ್ತು ಬಣ್ಣದ ಪ್ರಿಂಟ್, ಒಂದೊಂದರಲ್ಲಿ ಒಂದೊಂದು ವಾಟ್ಸಾಪ್ ಫಾರ್ವರ್ಡ್. ಅದು ನಿಜವೋ ಸುಳ್ಳೋ ಎಂದು ಮಕ್ಕಳು ಹುಡುಕಿ ಹೇಳಬೇಕು. ಲ್ಯಾಮಿನೇಷನ್ ಸೇರಿ ನಾನೂರರ ಆಸುಪಾಸು. ಹುಡುಕಾಟಕ್ಕೆ ನಿಮ್ಮ ಫೋನನ್ನು ತರಗತಿಯ ಟಿವಿಗೆ ಕೇಬಲ್ಲಿನಲ್ಲೇ ಜೋಡಿಸಿ. ವೈರ್‌ಲೆಸ್ ನಂಬಿದರೆ ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ಹತ್ತು ನಿಮಿಷ ಅದಕ್ಕೇ ಹೋಗುತ್ತದೆ. ನೋಟಿಫಿಕೇಷನ್ ಮೊದಲು ಆಫ್ ಮಾಡಿ. ಇಲ್ಲದಿದ್ದರೆ ಮನೆಯ ತರಕಾರಿ ಪಟ್ಟಿ ಇಡೀ ತರಗತಿಗೆ ಗೊತ್ತಾಗುತ್ತದೆ.

ದುಡ್ಡು ದಂಡವಾದದ್ದು ಫ್ಲೆಕ್ಸಿಗೆ, ಸಾವಿರ ಚಿಲ್ಲರೆ. ಅದರಲ್ಲಿ ಅಚ್ಚು ಹಾಕಿಸಿದ ‘ಕಾಗುಣಿತ ತಪ್ಪಿದ್ದರೆ ಅನುಮಾನಿಸಿ’ ಎಂಬಂಥ ಪಟ್ಟಿ ಕೆಲಸಕ್ಕೆ ಬರುವುದಿಲ್ಲ. ಈಗಿನ ಸುಳ್ಳುಗಳ ಕಾಗುಣಿತ ಚೊಕ್ಕವಾಗಿರುತ್ತದೆ. ತಪ್ಪು ತುಂಬಿರುವುದು ನಮ್ಮ ಅಸಲಿ ಸುತ್ತೋಲೆಗಳಲ್ಲಿ.

ಹತ್ತೂ ಸುಳ್ಳೇ ಇಟ್ಟರೆ ಇನ್ನೂ ಕೆಡುಕು. ಎರಡನೇ ವಾರಕ್ಕೆ ಮಕ್ಕಳು ನೋಡದೆಯೇ ‘ಫೇಕ್’ ಎಂದು ಕೂಗುತ್ತಾರೆ. ಅದಕ್ಕೇ ನಾಲ್ಕು ನಿಜದವು ಇರಲೇಬೇಕು, ಅದೂ ಸುಳ್ಳಿನಂತೆ ಕಾಣುವಂಥವು. ಜನಗಣಮನಕ್ಕೆ ಯುನೆಸ್ಕೋ ಪ್ರಶಸ್ತಿ (ಸುಳ್ಳು) ಪಕ್ಕದಲ್ಲೇ ಮೈಸೂರಿನ ಚುನಾವಣಾ ಶಾಯಿ ಹೊರದೇಶಗಳಿಗೆ ಹೋಗುತ್ತದೆ (ನಿಜ). ಎರಡೂ ಎದೆಯುಬ್ಬಿಸುವ ಸುದ್ದಿಯೇ, ಹಾಗಾಗಿ ಹುಡುಕದೆ ಗತಿಯಿಲ್ಲ. ಅಂಕ ಉತ್ತರಕ್ಕಲ್ಲ, ತೋರಿಸಿದ ಆಧಾರಕ್ಕೆ. ‘ಇನ್ನೂ ಗೊತ್ತಾಗಿಲ್ಲ’ ಎಂದವರಿಗೂ ಅರ್ಧ ಅಂಕ.

ಚಿತ್ರದ ಮೂಲ ಹುಡುಕುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಮೇಲೆ ಕನ್ನಡ ಅಕ್ಷರವಿರುವ ಇಡೀ ಫಾರ್ವರ್ಡನ್ನು ಗೂಗಲ್ ಲೆನ್ಸಿಗೆ ಕೊಟ್ಟರೆ ಅದೇ ಸುಳ್ಳಿನ ಇನ್ನಷ್ಟು ಪ್ರತಿಗಳು ಬರುತ್ತವೆ. ಅಕ್ಷರ ಬಿಟ್ಟು ಚಿತ್ರವನ್ನಷ್ಟೇ ಕ್ರಾಪ್ ಮಾಡಿ. ‘ದೀಪಾವಳಿ ರಾತ್ರಿಯ ಭಾರತ, ನಾಸಾ ಚಿತ್ರ’ ಕಾರ್ಡು ಹೀಗೆ ಮಾಡಿದ ಕೂಡಲೇ ಸಿಕ್ಕಿಬೀಳುತ್ತದೆ: ಅದು 2003ರಲ್ಲಿ ಅಮೆರಿಕದ ನೋವಾ (ಸಾಗರ, ಹವಾಮಾನ ಅಧ್ಯಯನ) ಸಂಸ್ಥೆಯ ವಿಜ್ಞಾನಿ ಉಪಗ್ರಹ ದತ್ತಾಂಶದಿಂದ ಮಾಡಿದ್ದು, ಬೇರೆ ಬೇರೆ ವರ್ಷಗಳ ದೀಪಗಳಿಗೆ ಬೇರೆ ಬೇರೆ ಬಣ್ಣ. ಹುಡುಕಾಟದ ಮೇಲ್ತುದಿಯಲ್ಲಿ ಬರುವ ಎಐ ಉತ್ತರವನ್ನು ಓದಿ ನಿಲ್ಲಿಸುವಂತಿಲ್ಲ; ಕೆಳಗಿನ ಮೂರು ಲಿಂಕಾದರೂ ತೆರೆಯಬೇಕು.

ವಿಡಿಯೋ ಆದರೆ ಒಂದು ಫ್ರೇಮಿನ ಸ್ಕ್ರೀನ್‌ಶಾಟ್ ತೆಗೆದು ಹುಡುಕಿ; ಅದಕ್ಕೆ ಮುಖ ಕಾಣುವ ಫ್ರೇಮಿಗಿಂತ ಅಂಗಡಿ ಬೋರ್ಡು, ವಾಹನದ ನಂಬರು ಕಾಣುವ ಫ್ರೇಮೇ ಮೇಲು. ಬೈಕಿನಲ್ಲಿ ಬಂದು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ ಕರಾಚಿಯ ಜಾಗೃತಿ ಚಿತ್ರ. ಮಗುವನ್ನು ವಾಪಸ್ ಬಿಟ್ಟು ಫಲಕ ಹಿಡಿಯುವ ಕೊನೆಯನ್ನು ಕತ್ತರಿಸಿ ಹರಿಬಿಟ್ಟರು. ಮಕ್ಕಳ ಕಳ್ಳರ ವದಂತಿಗೆ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬರ ಜೀವವೇ ಹೋಯಿತು. ಕತ್ತರಿಸಿದ್ದನ್ನೂ ಪೂರ್ತಿಯನ್ನೂ ಒಂದಾದ ಮೇಲೊಂದು ತೋರಿಸಿ, ನೀವು ಏನೂ ಹೇಳಬೇಡಿ.

ಬ್ರೌಸರಿನ ‘ಇನ್‌ಸ್ಪೆಕ್ಟ್’ (ಪುಟದ ಕೋಡ್ ತೋರಿಸುವ ಸೌಲಭ್ಯ) ತೆರೆದು ಸುದ್ದಿತಾಣದ ತಲೆಬರಹವನ್ನೇ ಬದಲಾಯಿಸಿ ತೋರಿಸುವುದನ್ನೂ ಮಾಡಿ ನೋಡಿದೆ. ಸ್ಕ್ರೀನ್‌ಶಾಟಿನ ಮೇಲಿನ ನಂಬಿಕೆ ಅಲ್ಲಿಗೇ ಮುಗಿಯಿತು. ನಿಮ್ಮ ಲ್ಯಾಪ್‌ಟಾಪಿನಲ್ಲೇ ಮಾಡಿ, ತಕ್ಷಣ ರಿಫ್ರೆಶ್ ಒತ್ತಿ. ಬದಲಾಯಿಸಿದ ಪುಟದ ಒಂದು ಫೋಟೊ ಹೊರಬಿದ್ದರೂ ತಲೆನೋವು ನಿಮ್ಮದೇ.

ಒಂದೇ ದಿನದ ಕಾರ್ಯಾಗಾರಕ್ಕೆ ನಾನು ಹೋಗುವುದಿಲ್ಲ. ಬಿಹಾರದಲ್ಲಿ ಸುಮಾರು 13,500 ಮಕ್ಕಳೊಂದಿಗೆ ನಡೆದ, ಸುಳ್ಳುಸುದ್ದಿ ಗುರುತಿಸಲು ಕಲಿಸುವ ಪ್ರಯೋಗ ಫಲ ಕೊಟ್ಟದ್ದು ಹದಿನಾಲ್ಕು ವಾರಗಳ ಅವಧಿಯಲ್ಲಿ ನಡೆದ ತರಗತಿಗಳಿಂದ. ನನ್ನದು ವಾರಕ್ಕೊಂದು ಪಿರಿಯಡ್, ಒಂದು ಟರ್ಮ್. ಹತ್ತನೇ ಕಾರ್ಡು ಯಾವುದೆಂದು ಮಾತ್ರ ಇಲ್ಲಿ ಬರೆಯುವುದಿಲ್ಲ, ಮಕ್ಕಳೂ ಓದುತ್ತಾರೆ.

ಮನೆಯ ಗ್ರೂಪಿನಲ್ಲಿ ‘ಇದು ಸುಳ್ಳು’ ಎಂದು ಬರೆಯಲು ಮಕ್ಕಳಿಗೆ ಹೇಳಬೇಡಿ, ಬೈಗುಳ ಗ್ಯಾರಂಟಿ. ಕಳಿಸಿದವರಿಗಷ್ಟೇ ಲಿಂಕ್, ಜೊತೆಗೆ ‘ದೊಡ್ಡಪ್ಪ, ಇದನ್ನೊಮ್ಮೆ ನೋಡ್ತೀರಾ’ ಎಂಬ ಒಂದು ಸಾಲು ಸಾಕು.