ಕಪಾಟಿನ ಹಲಗೆ ಕೂರಿಸಲು ತೋಡು ತೆಗೆಯುವುದು ಹೇಗೆ?

ತುಮಕೂರು ಕಡೆ ಹಲಸಿನ ಹಲಗೆಗೆ ಬರವಿಲ್ಲ. ಚೆನ್ನಾಗಿ ಒಣಗಿದ್ದು ಸಿಕ್ಕರೆ ಪುಸ್ತಕದ ಕಪಾಟು ಮಾಡಿಕೊಳ್ಳಬಹುದು. ಆದರೆ ಅಡ್ಡಹಲಗೆಗೆ ಬರೀ ಮೊಳೆ ಹೊಡೆದರೆ ಪುಸ್ತಕದ ಭಾರಕ್ಕೆ ಮೊಳೆ ಸಡಿಲವಾಗುತ್ತದೆ. ಕಪಾಟಿನ ಪಕ್ಕದ ಹಲಗೆಯಲ್ಲಿ ತೋಡು, ಅಂದರೆ ಸಣ್ಣ ಕಾಲುವೆಯಂಥ ಜಾಗ, ತೆಗೆದು ಅಡ್ಡಹಲಗೆ ಕೂರಿಸಿದರೆ ಭಾರವನ್ನು ಮರವೇ ಹೊರುತ್ತದೆ.

ಕೆಲಸ ಬೇರೆಯವರಿಗೆ ಕೊಡುವುದಾದರೆ ಸುಮ್ನೆ ‘ಗ್ರೂವ್ ಹೊಡೆದು ಕೊಡಿ’ ಅನ್ನಬೇಡಿ. ಮರದ ಎಳೆಯ ಉದ್ದಕ್ಕೂ ಹೋಗುವ ತೋಡು ಗ್ರೂವ್, ಎಳೆಗೆ ಅಡ್ಡಲಾಗಿ ಕೊರೆದರೆ ಡೇಡೋ, ಅಂಚಿನಲ್ಲಿ ಮೆಟ್ಟಿಲಿನಂತೆ ತೆಗೆದರೆ ರಿಬೇಟ್. ಕಿಟಕಿ ಚೌಕಟ್ಟಿನಲ್ಲಿ ಬಾಗಿಲು ಕೂರಲು ಬಿಟ್ಟಿರುತ್ತಾರಲ್ಲ, ಅದು ರಿಬೇಟ್. ನಮಗೆ ಈಗ ಬೇಕಾಗಿರುವುದು ಡೇಡೋ.

ಟೇಪಿನ ಅಳತೆ ನಂಬಬೇಡಿ. ಅಡ್ಡಹಲಗೆಯನ್ನೇ ಪಕ್ಕದ ಹಲಗೆಯ ಮೇಲೆ ನಿಲ್ಲಿಸಿ ಎರಡೂ ಬದಿಗೆ ಗೆರೆ ಹಾಕಿ. ಪೆನ್ಸಿಲ್ ಬೇಡ, ಚೂಪಾದ ಚಾಕು ಬೇಕು. ಅಡ್ಡಲಾಗಿ ಕೊರೆಯುವಾಗ ಎಳೆ ಕಿತ್ತು ಬರುತ್ತದೆ, ಚಾಕು ಅದನ್ನು ಮೊದಲೇ ಕತ್ತರಿಸಿರುತ್ತದೆ. ಆಳ ಹಲಗೆಯ ಮೂರನೇ ಒಂದು ಭಾಗ ಸಾಕು: 18 ಮಿ.ಮೀ. ದಪ್ಪಕ್ಕೆ 6 ಮಿ.ಮೀ. ಜಾಸ್ತಿ ಇಳಿದರೆ ಪಕ್ಕದ ಹಲಗೆಯ ಬಲ ಹೋಗುತ್ತದೆ.

ಗೆರೆಗೆ ನೇರವಾಗಿ ಒಂದು ಪಟ್ಟಿ ಬಿಗಿದು, ಅದಕ್ಕೆ ಒರಗಿಸಿ ಸಣ್ಣ ಹಲ್ಲಿನ ಗರಗಸದಿಂದ ಗೆರೆಯ ಒಳಗಡೆ ಕೊಯ್ಯಿರಿ. ಎಷ್ಟು ಆಳ ಎಂದು ಗರಗಸದ ಮೇಲೆ ಒಂದು ತುಂಡು ಟೇಪ್ ಅಂಟಿಸಿಕೊಂಡರೆ ಮುಗಿಯಿತು.

ಇನ್ನು ಎರಡು ಕೊಯ್ತದ ನಡುವಿನ ಮರ ತೆಗೆಯಲು ಉಳಿ ಹಿಡಿಯಬೇಕು. ಒಂದೇ ಕಡೆಯಿಂದ ಕೊನೆಯವರೆಗೆ ಹೊಡೆದುಕೊಂಡು ಹೋದರೆ ಆಚೆ ಅಂಚು ಸಿಡಿಯುತ್ತದೆ. ಎರಡೂ ತುದಿಯಿಂದ ನಡುವಿಗೆ ಬನ್ನಿ, ನಡುವೆ ಉಬ್ಬು ಉಳಿಯಲಿ, ಅದನ್ನು ಕೊನೆಗೆ ತೆಳುವಾಗಿ ಕೆತ್ತಿ. ತಳ ಸಮ ಇದೆಯೇ ನೋಡಲು ಚಿಕ್ಕ ಮರದ ತುಂಡಿಗೆ ಒಂದು ಸ್ಕ್ರೂ ಹಾಕಿ, ಅದರ ಮೊನೆ 6 ಮಿ.ಮೀ. ಹೊರಗಿರಲಿ. ತುಂಡನ್ನು ತೋಡಿನ ಮೇಲೆ ಜಾರಿಸಿ. ಮೊನೆ ಎಲ್ಲಿ ತಾಗುತ್ತದೋ ಅಲ್ಲಿ ಇನ್ನಷ್ಟು ಕೆತ್ತಬೇಕು.

ಅಡ್ಡಹಲಗೆ ಕೊಡತಿಯ ಮೆಲ್ಲನೆಯ ಪೆಟ್ಟಿಗೆ ಒಳಗಿಳಿಯಬೇಕು. ಬಿಗಿಯಾಯಿತು ಅಂತ ತೋಡನ್ನು ಅಗಲ ಮಾಡಲು ಹೋಗಬೇಡಿ, ಹಲಗೆಯ ತುದಿಯ ದಪ್ಪವನ್ನೇ ಕೀಸುಳಿಯಿಂದ ಸ್ವಲ್ಪ ಇಳಿಸಿ. ಸಡಿಲವಾದ ತೋಡನ್ನು ಮತ್ತೆ ಬಿಗಿ ಮಾಡುವುದು ಯಾರಿಂದಲೂ ಆಗದು, ಅಲ್ವಾ?

ಹಿಂಬದಿಗೆ ಪ್ಲೈವುಡ್ ಹಾಕುವುದಾದರೆ ಅಂಚಿಗೆ ರಿಬೇಟ್ ತೆಗೆಯಿರಿ. ಕಪಾಟಿನ ಬಾಗಿಲಿನ ಚೌಕಟ್ಟಿಗೆ ಪ್ಲೈವುಡ್ ಅಲ್ಲದ ಅಪ್ಪಟ ಮರದ ಹಲಗೆ ಕೂರಿಸುವುದಾದರೆ ಗ್ರೂವ್. ಅಲ್ಲಿ ಫೆವಿಕಾಲ್ ಹಚ್ಚಬೇಡಿ. ಮರ ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಉಬ್ಬುವುದೇ ಇಲ್ಲ. ಏಪ್ರಿಲ್ ಬಿಸಿಲಲ್ಲಿ ಮಾಡಿದ ಬಾಗಿಲಿಗೆ ಗ್ರೂವ್ ಒಳಗೆ ಎರಡೂ ಬದಿ 2–3 ಮಿ.ಮೀ. ಜಾಗ ಬಿಡಿ, ಮಳೆಗಾಲದಲ್ಲಿ ಮಾಡಿದರೆ ಅಷ್ಟು ಬೇಕಾಗಿಲ್ಲ.