ಕಿಡ್ನಿ ಕಸಿಗೆ ಮುಂಚೆಯೇ ಮಕ್ಕಳ ಇಇಜಿ: ನನ್ನ ಅನುಭವ

ಕಿಡ್ನಿ ಕಸಿಗೆ ಬರುವ ಪ್ರತಿ ಮಗುವಿಗೂ ಆಪರೇಷನ್‌ಗೆ ಮುಂಚೆಯೇ ಒಂದು ಇಇಜಿ (ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಟೆಸ್ಟ್) ತೆಗೆದಿಡೋಣ ಅಂದಾಗ ಯಾರೂ ಒಪ್ಪಲಿಲ್ಲ. "ಫಿಟ್ಸ್ ಬಂದ ಮೇಲೆ ನೋಡಿದರಾಯ್ತು, ಸುಮ್ನೆ ಯಾಕೆ ಖರ್ಚು?" ಅಂದರು. ಒಂದಕ್ಕೆ ಹೆಚ್ಚುಕಡಿಮೆ 2,000 ರೂಪಾಯಿ. ಡಯಾಲಿಸಿಸ್‌ಗೇ ಸಾಲ ಮಾಡಿರುವವರ ಹತ್ತಿರ ಇನ್ನೂ ಕೇಳೋದು ಹೇಗೆ? ನ್ಯೂರೋ ಮೇಡಂ ಓಡಾಡಿ ಆ ಬಿಲ್ ಮಾಫಿ ಮಾಡಿಸಿದರು.

ಕಿಡ್ನಿ ಕೆಟ್ಟು ರಕ್ತದಲ್ಲಿ ಯೂರಿಯಾ ಏರಿದ ಮಗುವಿನ ಮೆದುಳಿನ ಅಲೆಗಳು ಮೊದಲೇ ನಿಧಾನ. ಕಸಿ ಆದ ಮೇಲೂ ನಿಧಾನವಾಗಿದ್ದರೆ ಅದು ಹಳೆಯದೋ, ಟ್ಯಾಕ್ರೋಲಿಮಸ್ (ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ಕೊಡುವ ಔಷಧಿ) ತಂದದ್ದೋ? ಹಳೇ ರೆಕಾರ್ಡಿಂಗ್ ಪಕ್ಕದಲ್ಲಿಲ್ಲದೆ ಹೇಳೋಕಾಗಲ್ಲ, ಅಲ್ವಾ?

ಐಸಿಯುನಲ್ಲಿ ಮೊದಮೊದಲು ಬರೀ ಸೋಲು. ಬೆವರಿದ ತಲೆಯಲ್ಲಿ ಎಲೆಕ್ಟ್ರೋಡ್ ಅಂಟಿಸುವ ಪೇಸ್ಟ್ ನಿಲ್ಲುತ್ತಿರಲಿಲ್ಲ. ಕೈನಡುಕವೆಲ್ಲ ಟ್ರೇಸ್‌ನಲ್ಲಿ ಬರುತ್ತಿತ್ತು. ಕರೆಂಟ್‌ನಿಂದ ಬರುವ 50 ಹರ್ಟ್ಜ್ ಗಲಾಟೆ, ಅದನ್ನೇ ಸೋಸುವ ನಾಚ್ ಫಿಲ್ಟರ್‌ಗೂ ಬಗ್ಗಲಿಲ್ಲ. ಮಂಚದ ಮೋಟಾರ್ ಪ್ಲಗ್ ಕೀಳಿಸಿ, ಇನ್‌ಫ್ಯೂಷನ್ ಪಂಪ್‌ಗಳನ್ನು ಬ್ಯಾಟರಿಗೆ ಹಾಕಿಸಿದ ಮೇಲೆ ಗೆರೆ ತಿಳಿಯಾಯಿತು. ಎಲೆಕ್ಟ್ರೋಡ್ ಕಪ್ ಅಲ್ಲಾಡದಂತೆ ಬ್ಯಾಂಡೇಜ್ ಸುತ್ತುವ ನನ್ನ ಪಟ್ಟನ್ನು ಇಲ್ಲಿ ಬರೆಯಲ್ಲ. ಬಂದವರಿಗೆ ಕೈಯಾರೆ ತೋರಿಸುತ್ತೇನೆ.

ಆಮೇಲೆ ಒಬ್ಬ ಹುಡುಗ. ಕಸಿಯಾಗಿ ವಾರವೂ ಆಗಿರಲಿಲ್ಲ. ಮೂತ್ರ ಚೆನ್ನಾಗಿ ಬರುತ್ತಿತ್ತು, ಎಲ್ಲರೂ ಖುಷಿಯಲ್ಲಿದ್ದರು. ಅವನಮ್ಮ ಮಾತ್ರ, "ಮಾತಾಡ್ತಾ ಮಾತಾಡ್ತಾ ಗೋಡೆ ಕಡೆ ತಿರುಗ್ತಾನೆ ಸಾರ್" ಅಂದರು. ಎಲೆಕ್ಟ್ರೋಡ್ ಹಾಕಿ ಕೂತೆ. ಕಣ್ಣು ಎಡಕ್ಕೆ ಸರಿದಾಗಲೆಲ್ಲ ಬಲಗಡೆ ಓ2ನಲ್ಲಿ (ತಲೆಯ ಹಿಂಭಾಗದ ಎಲೆಕ್ಟ್ರೋಡ್) ಸಣ್ಣ ಚೂಪು ಅಲೆಗಳು ಶುರುವಾಗಿ, ದಪ್ಪಗಾಗಿ, ಅದರ ಮುಂದಿನ ಪಿ4ಗೆ ಹಬ್ಬುತ್ತಿದ್ದವು. ಅದು ಫಿಟ್ಸೇ, ಆದರೆ ಕೈಕಾಲು ಒಂದಿಷ್ಟೂ ಅದುರಲಿಲ್ಲ. ಹಳೇ ರೆಕಾರ್ಡಿಂಗ್‌ನಲ್ಲಿ ಇದರ ಸುಳಿವೇ ಇರಲಿಲ್ಲ. ಬಿಪಿ 160ರ ಆಸುಪಾಸು, ಟ್ಯಾಕ್ರೋಲಿಮಸ್ ಟ್ರಫ್ (ಮುಂದಿನ ಡೋಸ್‌ಗೆ ಮುಂಚೆ ರಕ್ತದಲ್ಲಿರುವ ಮಟ್ಟ) 18ರ ಹತ್ತಿರ, ಅಂದರೆ ಜಾಸ್ತಿ, ಮೆಗ್ನೀಷಿಯಂ ಕಡಿಮೆ. ಎಂಆರ್‌ಐನಲ್ಲಿ ಪ್ರೆಸ್ (PRES), ಅಂದರೆ ಏರಿದ ಬಿಪಿ, ಇಂಥ ಔಷಧಿಗಳಿಂದ ಮೆದುಳಿಗೆ ಬರುವ ಊತ. ಬಿಪಿ ಇಳಿಸಿ, ಡೋಸ್ ತಗ್ಗಿಸಿ, ಮೆಗ್ನೀಷಿಯಂ ಕೊಟ್ಟರು. ಫಿಟ್ಸ್‌ಗೆ ಫೆನಿಟಾಯಿನ್ ಕೊಟ್ಟರೆ ಟ್ಯಾಕ್ರೋಲಿಮಸ್ ಲೆವೆಲ್ ಕುಸಿಯುತ್ತದೆ, ಅದಕ್ಕೇ ಬದಲಿಗೆ ಲೆವೆಟಿರಾಸಿಟಾಮ್ ಕೊಟ್ಟರು. ಮುಂದಿನ ಇಇಜಿ ಕಸಿಗೆ ಮುಂಚಿನದಕ್ಕಿಂತಲೂ ಚೆನ್ನಾಗಿತ್ತು. ಈಗ ನಮ್ಮಲ್ಲಿ ಕಸಿಗೆ ಮುಂಚಿನ ಟೆಸ್ಟ್‌ಗಳ ಪಟ್ಟಿಯಲ್ಲಿ ಇಇಜಿಯೂ ಇದೆ. ಇದು ನನ್ನ ಹಟದ ಗೆಲುವು ಅಂತಲೇ ಹೇಳುತ್ತೇನೆ.

ರಾತ್ರಿಯಿಡೀ ಬರೀ 8 ಎಲೆಕ್ಟ್ರೋಡ್ ಹಾಕಿಯೂ ನೋಡುತ್ತಿದ್ದೇನೆ. ಪೇಸ್ಟ್ ಉಳಿಯುತ್ತದೆ, ಮಗುವೂ ನಿದ್ದೆ ಮಾಡುತ್ತದೆ. ಪ್ರೆಸ್ ಜಾಸ್ತಿ ಕಾಣೋದು ತಲೆಯ ಹಿಂಭಾಗದಲ್ಲಿ, ಹಾಗಾಗಿ ಓ1, ಓ2 ಬಿಡಬೇಡಿ.

ಇನ್ನೊಂದು, ಟ್ಯಾಕ್ರೋಲಿಮಸ್ ಲೆವೆಲ್ ಇದ್ದಕ್ಕಿದ್ದಂತೆ ಏರಿದರೆ ಮಗು ಏನು ತಿಂದಿತು ಅಂತ ಕೇಳಿ. ದೇವನಹಳ್ಳಿ ಕಡೆಯವರು ಪ್ರೀತಿಯಿಂದ ಚಕ್ಕೋತ ತರುತ್ತಾರೆ. ಅದು ಲೆವೆಲ್ ಏರಿಸುತ್ತದೆ, ಟ್ಯಾಕ್ರೋಲಿಮಸ್ ತಗೊಳ್ಳುವ ಮಗುವಿಗೆ ಅದರ ಒಂದು ತೊಳೆಯೂ ಬೇಡ.